ಪೆಟ್ರೋಲ್ ಪಂಪು ಯಾರದು?

ಮಕ್ಕಳೇ, ಔರಾದ ಶಹಾಜನಿಯಿಂದ ನಿಲಂಗಾಕ್ಕೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತು ಹೊರಗೆ ನೋಡಿದರೆ ಏನೇನು ಕಾಣುತ್ತದೆ? ಕಪ್ಪು ಎರೆಮಣ್ಣಿನ ಹೊಲಗಳು, ಅವುಗಳಲ್ಲಿ ಸೋಯಾಬೀನ್, ತೊಗರಿ. ಅಲ್ಲಲ್ಲಿ ಒಂದು ಚಹದ ಅಂಗಡಿ, ಪಂಕ್ಚರ್ ತೆಗೆಯುವ ಅಂಗಡಿ. ನಡುವೆ ಒಮ್ಮೆ ಎತ್ತರವಾದ ಚಾವಣಿ ಕಾಣುತ್ತದೆ. ಅದರ ಕೆಳಗೆ ಬಣ್ಣದ ಯಂತ್ರಗಳು, ಸಾಲಾಗಿ ನಿಂತ ಮೋಟಾರ್ ಸೈಕಲುಗಳು, ಒಂದು ಟ್ರ್ಯಾಕ್ಟರ್. ಅದೇ ಪೆಟ್ರೋಲ್ ಪಂಪು. ಬೆಂಗಳೂರು, ಮಂಗಳೂರಿನ ಕಡೆಯವರು ಇದನ್ನು ‘ಪೆಟ್ರೋಲ್ ಬಂಕ್’ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಎಲ್ಲರೂ ‘ಪಂಪು’ ಎಂದೇ ಅನ್ನುವುದು.

‘ಪಂಪಿನ ಮಾಲಕನಾದರೆ ಎಷ್ಟು ಚೆನ್ನ! ದಿನವಿಡೀ ನೋಟು ಎಣಿಸುತ್ತ ಕುಳಿತುಕೊಳ್ಳಬಹುದು’ ಎಂದು ನಿಮಗೆ ಅನಿಸಿರಬಹುದು. ದೊಡ್ಡವರಿಗೂ ಹಾಗೆಯೇ ಅನಿಸುತ್ತದೆ. ರಸ್ತೆಯ ಬದಿಗೆ ಹೊಲ ಇದ್ದವರಿಗಂತೂ ಈ ಆಸೆ ಒಮ್ಮೆಯಾದರೂ ಬಂದು ಹೋಗುತ್ತದೆ. ಹಾಗಾದರೆ ಆ ಪಂಪು ನಿಜವಾಗಿ ಯಾರದು? ನೆಲದ ಮಾಲಕನದೋ, ಪೆಟ್ರೋಲ್ ಮಾರುವವನದೋ, ಚಾವಣಿಯ ಮೇಲೆ ಹೆಸರು ಬರೆಸಿದ ಕಂಪನಿಯದೋ?

ಇದನ್ನು ತಿಳಿಯಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಊರಿನಿಂದ ಸ್ವಲ್ಪ ಹೊರಗೆ, ರಸ್ತೆಗೆ ಹೊಂದಿ ಅವರ ಎರಡು ಎಕರೆ ಹೊಲ ಇದೆ. ಮನೆಯಲ್ಲಿ ಅಜ್ಜ, ಅಪ್ಪ, ಅವ್ವ, ಮತ್ತು ಏಳನೆಯ ಇಯತ್ತೆಯಲ್ಲಿ ಓದುವ ಹುಡುಗಿ ಇದ್ದಾರೆ. ಒಂದು ಸಂಜೆ ಪರಿಚಯದವರೊಬ್ಬರು ಬಂದು, “ನಿಮ್ಮ ಹೊಲ ಪಂಪಿಗೆ ಬಹಳ ಛಲೋ ಜಾಗ. ಲೀಸಿಗೆ ಕೊಟ್ಟುಬಿಡ್ರಿ” ಎಂದು ಹೇಳಿ ಚಹ ಕುಡಿದು ಹೋದರು. ಅವರು ಹೋದ ಮೇಲೆ ಮನೆಯಲ್ಲಿ ಮಾತು ಶುರುವಾಯಿತು.

“ನಾನು ಹೊಲ ಮಾರೂದಿಲ್ಲ” ಎಂದರು ಅಜ್ಜ.

“ಮಾರೂದಲ್ಲಪ್ಪಾ, ಲೀಸಿಗೆ ಕೊಡೂದು” ಎಂದರು ಅಪ್ಪ.

“ಅಜ್ಜಾ, ಲೀಸು ಅಂದ್ರ ಏನು?” ಎಂದು ಹುಡುಗಿ ಕೇಳಿದಳು.

“ಲಾವಣಿ ಇದ್ದಂಗ, ತಂಗಿ. ಹೊಲ ನಮ್ಮದೇ, ಬೆಳಿ ಬೆಳೆಯಾಂವ ಬ್ಯಾರೆ. ಆದ್ರ ಲಾವಣಿ ಒಂದು ವರ್ಷದ್ದು. ಇದು ಎಷ್ಟು ವರ್ಷದ್ದು ಅಂತ ನಿಮ್ಮಪ್ಪನ್ನ ಕೇಳು.”

ಅಪ್ಪನಿಗೆ ಅದು ಗೊತ್ತಿರಲಿಲ್ಲ. ಅಜ್ಜ ಕೇಳಿದ್ದು ಸರಿಯಾದ ಪ್ರಶ್ನೆ. ಪಂಪಿನ ಜಾಗದ ಗುತ್ತಿಗೆ ಒಂದೆರಡು ವರ್ಷಕ್ಕೆ ಆಗುವುದಿಲ್ಲ. ನಮ್ಮ ದೇಶದ ಸರಕಾರಿ ತೈಲ ಕಂಪನಿಗಳು 2018ರ ನವೆಂಬರದಲ್ಲಿ ದೇಶದ ತುಂಬ ಹೊಸ ಪಂಪುಗಳಿಗಾಗಿ ಜಾಹೀರಾತು ಕೊಟ್ಟವು. ಆಗ ಅವು ಹಾಕಿದ ನಿಯಮದಂತೆ ಗುತ್ತಿಗೆಯ ಜಾಗವಾದರೆ ಕಡಿಮೆ ಎಂದರೆ 19 ವರ್ಷ 11 ತಿಂಗಳಿನದಾಗಿರಬೇಕು. ನೆಲದ ಕೆಳಗೆ ದೊಡ್ಡ ಟಾಕಿ ಹೂಳಿ, ಕಾಂಕ್ರೀಟು ಹಾಕಿ, ಚಾವಣಿ ಎಬ್ಬಿಸಿದ ಮೇಲೆ ಮರುವರ್ಷ ಎದ್ದು ಹೋಗಲು ಆಗುತ್ತದೆಯೇ? ಆದ್ದರಿಂದ ಅಷ್ಟು ದೀರ್ಘ ಅವಧಿ ಬೇಕಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. ನಮ್ಮ ಹುಡುಗಿಗೆ ಇಂದು 12 ವರ್ಷ. ಇಂದೇ ಕಾಗದಕ್ಕೆ ಸಹಿ ಬಿದ್ದರೆ ಆ ಹೊಲ ಮನೆಗೆ ತಿರುಗಿ ಬರುವಾಗ ಅವಳಿಗೆ 32 ವರ್ಷ ಆಗುತ್ತದೆ. ಅಜ್ಜನಿಗೆ ಈಗ 70. ಅವರ ಲೆಕ್ಕವನ್ನು ನೀವೇ ಮಾಡಿ. ಸಹಿ ಮಾಡುವವರು ಅಪ್ಪ, ಆದರೆ ಆ ಕಾಗದದ ಜೊತೆ ಹೆಚ್ಚು ಕಾಲ ಬಾಳಬೇಕಾದವಳು ಮಗಳು.

ಗುತ್ತಿಗೆಯ ಬಾಡಿಗೆಯನ್ನೂ ಹೀಗೆಯೇ ಯೋಚಿಸಬೇಕು. ಇಪ್ಪತ್ತು ವರ್ಷಗಳ ಹಿಂದೆ ಒಂದು ಲೀಟರ್ ಹಾಲಿಗೆ ಎಷ್ಟು ಇತ್ತು ಎಂದು ಮನೆಯಲ್ಲಿ ಕೇಳಿ. ಇಂದಿನ ಬೆಲೆಗೂ ಅದಕ್ಕೂ ಎಷ್ಟು ಅಂತರ! ಹಾಗಿರುವಾಗ ಇಂದು ಬಹಳ ಅನಿಸುವ ಬಾಡಿಗೆ ಇಪ್ಪತ್ತನೆಯ ವರ್ಷಕ್ಕೆ ಏನೂ ಅಲ್ಲ ಅನಿಸಬಹುದು. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಬಾಡಿಗೆ ಇಷ್ಟು ಏರಬೇಕು ಎಂಬ ಮಾತನ್ನು ಕಾಗದದಲ್ಲಿಯೇ ಬರೆಸಿಕೊಳ್ಳಬೇಕು. ಬಾಯಿಮಾತು ಇಲ್ಲಿ ನಡೆಯುವುದಿಲ್ಲ.

ಇದು ಬರೀ ಹೆದರಿಕೆಯ ಮಾತಲ್ಲ, ನಡೆದ ಸಂಗತಿ. ಮೊದಲು ನಮ್ಮ ದೇಶದಲ್ಲಿ ಪೆಟ್ರೋಲ್ ಮಾರುತ್ತಿದ್ದ ದೊಡ್ಡ ಕಂಪನಿಗಳು ಪರದೇಶದವು. ಎಸ್ಸೊ, ಬರ್ಮಾ-ಶೆಲ್, ಕಾಲ್ಟೆಕ್ಸ್ ಎಂಬುವು ಅವುಗಳ ಹೆಸರು. ಊರೂರುಗಳಲ್ಲಿ ಜನರ ಜಾಗಗಳನ್ನು ಗುತ್ತಿಗೆಗೆ ಹಿಡಿದು ಅವು ಪಂಪುಗಳನ್ನು ಹಾಕಿದ್ದವು. 1974ರಲ್ಲಿ ಎಸ್ಸೊ, 1976ರಲ್ಲಿ ಬರ್ಮಾ-ಶೆಲ್ ಮತ್ತು ಕಾಲ್ಟೆಕ್ಸ್ ಭಾರತ ಸರಕಾರದ ಕೈಗೆ ಬಂದವು. ಎಸ್ಸೊ, ಕಾಲ್ಟೆಕ್ಸ್ ಸೇರಿ ಇಂದಿನ ಹಿಂದೂಸ್ತಾನ್ ಪೆಟ್ರೋಲಿಯಮ್ ಆಯಿತು. ಬರ್ಮಾ-ಶೆಲ್ ಇಂದಿನ ಭಾರತ್ ಪೆಟ್ರೋಲಿಯಮ್ ಆಯಿತು. ಕಂಪನಿಗಳ ಜೊತೆಗೆ ಹಳೆಯ ಗುತ್ತಿಗೆಗಳೂ ಸರಕಾರಕ್ಕೆ ಬಂದವು. ಅವಧಿ ಮುಗಿದಾಗ ಸರಕಾರ ಬಯಸಿದರೆ ಅದೇ ಷರತ್ತುಗಳ ಮೇಲೆ ಗುತ್ತಿಗೆಯನ್ನು ಮುಂದುವರಿಸಬಹುದು ಎಂದು 1976ರ ಕಾಯದೆಯಲ್ಲಿ ಬರೆದಿತ್ತು. ಅದೇ ಷರತ್ತು ಎಂದರೆ ಹಳೆಯ ಕಾಲದ ಬಾಡಿಗೆಯೂ ಅದೇ! ದೇಶಕ್ಕೆ ಪೆಟ್ರೋಲ್ ಬೇಕು, ಪಂಪುಗಳು ಒಮ್ಮೆಲೇ ಮುಚ್ಚಬಾರದು ಎಂಬುದು ಸರಕಾರದ ಯೋಚನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಜಾಗದ ಮಾಲಕರಲ್ಲಿ ಕೆಲವರು ತಮ್ಮ ನೆಲವನ್ನು ತಿರುಗಿ ಪಡೆಯಲು ಸುಪ್ರೀಮ್ ಕೋರ್ಟಿನವರೆಗೆ ಹೋಗಬೇಕಾಯಿತು.

“ಹಾಗಿದ್ರ ಜಾಗ ಲೀಸಿಗೆ ಕೊಡೂದು ಬ್ಯಾಡ. ನಾವೇ ಪಂಪು ತಗೊಂಡು ನಡೆಸೋಣ” ಎಂದರು ಅಪ್ಪ. ಅದೂ ಒಂದು ದಾರಿಯೇ. ಆದರೆ ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿಯಬೇಕು. ಕಿರಾಣಿ ಅಂಗಡಿಯನ್ನು ಕೊಂಡ ಹಾಗೆ ಪಂಪನ್ನು ಕೊಳ್ಳಲು ನಮ್ಮಲ್ಲಿ ಬರುವುದಿಲ್ಲ. ಪಂಪು ನಡೆಸುವವನು ಡೀಲರ್, ಅಂದರೆ ಕಂಪನಿಯ ಪರವಾಗಿ ಮಾರುವವನು. ಡೀಲರಶಿಪ್ಪನ್ನು ಕಂಪನಿಯು ಒಬ್ಬರ ಹೆಸರಿಗೆ ಕೊಡುತ್ತದೆ. ಕಂಪನಿಯ ಒಪ್ಪಿಗೆ ಇಲ್ಲದೆ ಅದನ್ನು ಮಾರುವಂತಿಲ್ಲ, ಇನ್ನೊಬ್ಬನಿಗೆ ಒಳಗುತ್ತಿಗೆ ಕೊಡುವಂತಿಲ್ಲ. “ಪಂಪು ನನ್ನ ಹೆಸರಿನ ಮೇಲಿದೆ, ನೀನು ರೊಕ್ಕ ಕೊಟ್ಟು ನಡೆಸು” ಎಂದು ಯಾರಾದರೂ ಹೇಳಿದರೆ ಅದು ಮೋಸಕ್ಕೆ ದಾರಿ. ಕಂಪನಿಗೆ ಗೊತ್ತಾದರೆ ಡೀಲರಶಿಪ್ಪನ್ನೇ ರದ್ದು ಮಾಡಬಹುದು. ಆಗ ರೊಕ್ಕ ಕೊಟ್ಟವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾದರೆ ಡೀಲರಶಿಪ್ ಹೇಗೆ ಸಿಗುತ್ತದೆ? ಕಂಪನಿ ಯಾವ ರಸ್ತೆಯಲ್ಲಿ, ಯಾವ ಊರಿನ ಹತ್ತಿರ ಪಂಪು ಬೇಕೆಂದು ಮೊದಲು ತಾನೇ ನಿರ್ಧರಿಸಿ ಜಾಹೀರಾತು ಕೊಡುತ್ತದೆ. ನಮ್ಮ ಹೊಲ ಎಲ್ಲಿದೆಯೋ ಅಲ್ಲಿಯೇ ಬೇಕೆಂದು ನಾವು ಹೇಳಿದರೆ ಆಗದು. 2018ರ ಜಾಹೀರಾತಿನಂತೆ ಅರ್ಜಿ ಹಾಕುವವರಿಗೆ 21 ವರ್ಷ ತುಂಬಿರಬೇಕು, ಹತ್ತನೆಯ ಇಯತ್ತೆ ಪಾಸಾಗಿರಬೇಕಿತ್ತು. ಒಂದೇ ಜಾಗಕ್ಕೆ ಬಹಳ ಜನ ಯೋಗ್ಯರಿದ್ದರೆ ಚೀಟಿ ಎತ್ತಿದ ಹಾಗೆ ಲಾಟರಿಯಿಂದ ಒಬ್ಬರನ್ನು ಆರಿಸುತ್ತಾರೆ. ಈ ಕುಟುಂಬದಲ್ಲಿ ಅಪ್ಪ ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟವರು. ಅವ್ವ ಮಾತ್ರ ಹತ್ತನೆಯದು ಪಾಸಾದವರು. ಆದ್ದರಿಂದ ಅರ್ಜಿ ಹಾಕುವುದಾದರೆ ಅವ್ವನ ಹೆಸರಿನಿಂದಲೇ ಆಗಬೇಕು. ಇಷ್ಟು ಹೊತ್ತು ರೊಟ್ಟಿ ಬಡಿಯುತ್ತ ಸುಮ್ಮನೆ ಕೇಳುತ್ತಿದ್ದ ಅವ್ವ ಈಗ ನಕ್ಕರು.

ಆಯ್ಕೆಯಾದ ಮೇಲೆ ಕಾಗದಪತ್ರಗಳ ಕೆಲಸ ಶುರು. ಮೊದಲು ತಲಾಠಿಯವರ ಹತ್ತಿರ ಸಾತ್-ಬಾರಾ ಉತಾರೆ. ಅದರಲ್ಲಿ ಹೊಲ ಯಾರ ಯಾರ ಹೆಸರಿಗಿದೆ, ಸಾಲದ ಬೋಜಾ ಇದೆಯೇ ಎಂಬುದು ಕಾಣುತ್ತದೆ. ಕಾಕಾನ ಹೆಸರೂ ಅದರಲ್ಲಿದ್ದರೆ ಕಾಕಾನ ಒಪ್ಪಿಗೆಯೂ ಬೇಕು. ಹೊಲವನ್ನು ಬೇಸಾಯದ ಹೊರತು ಬೇರೆ ಕೆಲಸಕ್ಕೆ ಬಳಸುವ ಅನುಮತಿ ಬೇಕು. ಜನ ಇದನ್ನು ‘ಎನ್.ಎ. ಮಾಡಿಸುವುದು’ ಎನ್ನುತ್ತಾರೆ. ರಸ್ತೆಯ ಇಲಾಖೆಯ ಪರವಾನಿಗೆ ಬೇಕು. ಜಿಲ್ಲಾಧಿಕಾರಿಯವರು ‘ನಮ್ಮ ಅಡ್ಡಿ ಇಲ್ಲ’ ಎಂದು ಪತ್ರ ಕೊಡಬೇಕು. ಕೊನೆಗೆ ಸ್ಫೋಟಕ ವಸ್ತುಗಳ ಸುರಕ್ಷತೆಯನ್ನು ನೋಡುವ ಕೇಂದ್ರ ಸಂಸ್ಥೆಯ ಲೈಸೆನ್ಸ್ ಬೇಕು. ಆ ಸಂಸ್ಥೆಯ ಮುಖ್ಯ ಕಚೇರಿ ನಮ್ಮ ರಾಜ್ಯದ ನಾಗಪುರದಲ್ಲಿಯೇ ಇದೆ.

ಇಷ್ಟೊಂದು ಅನುಮತಿ ಏಕೆ? ಪೆಟ್ರೋಲಿನ ಸ್ವಭಾವವೇ ಹಾಗಿದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಕೂಡ ಅದು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ನಮ್ಮ ಬೇಸಿಗೆಯ 42 ಡಿಗ್ರಿಯಲ್ಲಿ ಹೇಗಿರಬೇಡ! ಆ ಆವಿ ಗಾಳಿಗಿಂತ ಭಾರ. ಮೇಲೆ ಹಾರಿ ಹೋಗದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ದೂರದಲ್ಲಿ ಯಾರೋ ಗೀರಿದ ಕಡ್ಡಿಯೂ ಸಾಕು. ಅದಕ್ಕೆಂದೇ ಪಂಪಿನಲ್ಲಿ ಬೀಡಿ ಸೇದಬಾರದು, ಗಾಡಿಯ ಇಂಜಿನ್ ಬಂದ್ ಮಾಡಬೇಕು ಎಂದು ಫಲಕ ಹಾಕಿರುತ್ತಾರೆ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಇನ್ನೊಂದು ಸೂಚನೆ ಹೊರಡಿಸಿತು. ಹೊಸ ಪಂಪು ಶಾಲೆಯಿಂದ, ದೊಡ್ಡ ಆಸ್ಪತ್ರೆಯಿಂದ, ಮನೆಗಳಿರುವ ಪ್ರದೇಶದಿಂದ 50 ಮೀಟರ್ ದೂರ ಇರಬೇಕು. ಜಾಗದ ಅಡಚಣೆ ಇದ್ದರೂ 30 ಮೀಟರಿಗಿಂತ ಹತ್ತಿರ ಬರಲೇಬಾರದು. ನಿಮ್ಮ ಶಾಲೆಯ ಗೇಟಿನಿಂದ 50 ಮೀಟರ್ ಎಂದರೆ ಎಲ್ಲಿಯವರೆಗೆ ಎಂದು ಒಮ್ಮೆ ಹೆಜ್ಜೆ ಹಾಕಿ ನೋಡಿ.

ಪಂಪಿನಲ್ಲಿ ನಮಗೆ ಕಾಣುವುದು ಯಂತ್ರ ಮತ್ತು ಪೈಪು ಮಾತ್ರ. ನಿಜವಾದ ಪಂಪು ಇರುವುದು ನೆಲದ ಕೆಳಗೆ. ಅಲ್ಲಿ ಸಾವಿರಾರು ಲೀಟರ್ ಹಿಡಿಯುವ ಉಕ್ಕಿನ ಟಾಕಿಗಳಿವೆ. ಕೆಳಗೆ ಇಟ್ಟರೆ ಬೆಂಕಿಯ ಭಯ ಕಡಿಮೆ, ತಂಪೂ ಇರುತ್ತದೆ. ತಂಪು ಏಕೆ ಬೇಕು ಗೊತ್ತೇ? ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. 1000 ಲೀಟರ್ ಪೆಟ್ರೋಲು 10 ಡಿಗ್ರಿ ತಣ್ಣಗಾದರೆ ಸುಮಾರು 10 ಲೀಟರಿನಷ್ಟು ಕಡಿಮೆ ಕಾಣುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಿನಲ್ಲಿ ಕಾದು ಬಂದ ಟ್ಯಾಂಕರನ್ನು ತಂಪಾದ ಟಾಕಿಗೆ ಇಳಿಸಿದರೆ ಏನಾಗುತ್ತದೆ? ಯಾರೂ ಕದ್ದಿಲ್ಲ, ಎಲ್ಲೂ ಚೆಲ್ಲಿಲ್ಲ, ಆದರೂ ಅಳತೆ ಕಡಿಮೆ ಬರುತ್ತದೆ. ಅದಕ್ಕೆಂದೇ ಟ್ಯಾಂಕರ್ ಬಂದ ಕೂಡಲೆ ಡೀಲರನು ಉಷ್ಣತೆ ಮತ್ತು ಸಾಂದ್ರತೆ ಎರಡನ್ನೂ ನೋಡಿ ದಾಖಲೆ ಬರೆದಿಡುತ್ತಾನೆ. ಒಂದು ಉದ್ದನೆಯ ಅಳತೆಕೋಲನ್ನು ಟಾಕಿಯಲ್ಲಿ ಇಳಿಸಿ ಎಷ್ಟು ಎತ್ತರ ಇದೆ ಎಂದು ಪ್ರತಿದಿನ ನೋಡುತ್ತಾನೆ. ಕೋಲಿನ ತುದಿಗೆ ಒಂದು ಬಗೆಯ ಲೇಪ ಹಚ್ಚಿರುತ್ತಾರೆ. ಟಾಕಿಯ ತಳದಲ್ಲಿ ನೀರು ಸೇರಿದ್ದರೆ ಆ ಲೇಪದ ಬಣ್ಣ ಬದಲಾಗುತ್ತದೆ. ನೀರು ತಳದಲ್ಲಿಯೇ ಏಕೆ? ವಿಜ್ಞಾನದ ಪಾಠದಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ. ಪೆಟ್ರೋಲು ನೀರಿಗಿಂತ ಹಗುರ.

ಈ ಪೆಟ್ರೋಲ್ ಬರುವುದು ಎಲ್ಲಿಂದ? ನಮ್ಮದು ಸಮುದ್ರದಿಂದ ದೂರದ ನಾಡು. ಆದರೂ ಪಂಪಿನ ಬೇರು ಇರುವುದು ಕಡಲ ದಂಡೆಯಲ್ಲಿ. ಮುಂಬಯಿಯ ಮಾಹುಲದಲ್ಲಿ 1950ರ ದಶಕದಲ್ಲಿ ಕಟ್ಟಿದ ಎರಡು ತೈಲ ಶುದ್ಧೀಕರಣ ಕಾರಖಾನೆಗಳಿವೆ. ಹಡಗಿನಲ್ಲಿ ಬಂದ ಕಚ್ಚಾ ಎಣ್ಣೆ ಅಲ್ಲಿ ಪೆಟ್ರೋಲ್, ಡೀಸೆಲ್ ಆಗುತ್ತದೆ. ಅಲ್ಲಿಂದ ಪುಣೆಯ ಮೂಲಕ ಸೊಲ್ಲಾಪುರದವರೆಗೆ ನೆಲದೊಳಗಿನ ಕೊಳವೆಯಲ್ಲಿ ಹರಿದು ಬರುತ್ತದೆ. ಸೊಲ್ಲಾಪುರದ ಹತ್ತಿರದ ಪಾಕಣಿಯಲ್ಲಿ ದೊಡ್ಡ ಸಂಗ್ರಹಾಗಾರಗಳಿವೆ. ಅಂಥ ಸಂಗ್ರಹಾಗಾರಗಳಿಂದ ಟ್ಯಾಂಕರುಗಳು ಊರೂರಿಗೆ ಹೋಗುತ್ತವೆ. ಕರ್ನಾಟಕದ ಕರಾವಳಿಯಲ್ಲಿಯೂ ಮಂಗಳೂರಿನ ಹತ್ತಿರ ಇಂಥ ಒಂದು ಕಾರಖಾನೆ 1996ರಿಂದ ನಡೆಯುತ್ತಿದೆ.

ಕಡಲ ದಂಡೆಯ ಊರಿನಲ್ಲಿ ಪಂಪು ಹಿಡಿಯುವವನ ಚಿಂತೆಗಳೇ ಬೇರೆ. ಉಡುಪಿ ಜಿಲ್ಲೆಯ ಮಲ್ಪೆ ಬಂದರವನ್ನು ತೆಗೆದುಕೊಳ್ಳಿ. ಅಲ್ಲಿ ಡೀಸೆಲ್ ಬೇಕಾಗುವುದು ಲಾರಿಗಳಿಗಿಂತ ಮೀನು ಹಿಡಿಯುವ ಬೋಟುಗಳಿಗೆ. ಉಪ್ಪುಗಾಳಿಗೆ ಕಬ್ಬಿಣ ಬೇಗನೆ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡುವ ಕಾಲವೆಂದು ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಒಟ್ಟು 61 ದಿನ! ಬೋಟುಗಳು ದಂಡೆಯಲ್ಲಿ ನಿಂತರೆ ಅವುಗಳಿಗೆ ಡೀಸೆಲ್ ಮಾರುವವನೂ ಕೈಕಟ್ಟಿ ಕೂಡಬೇಕು. ಅಮೆರಿಕದಂಥ ದೇಶಗಳಲ್ಲಿ ಪಂಪನ್ನು ನೆಲದ ಸಮೇತ ಕೊಳ್ಳಲು ಬರುತ್ತದೆ. ಅಲ್ಲಿಯ ಕಡಲ ದಂಡೆಯ ಊರುಗಳಲ್ಲಿ ಬೇಸಿಗೆಗೆ ಪ್ರವಾಸಿಗಳು ತುಂಬುತ್ತಾರೆ, ಚಳಿಗೆ ರಸ್ತೆ ಖಾಲಿ. ಆದರೆ ಅಲ್ಲಿಯ ಜಾಣ ಗಿರಾಕಿ ಗಲ್ಲೆಯನ್ನು ನೋಡುವ ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸುತ್ತಾನೆ. ಹಳೆಯ ಟಾಕಿ ಸೋರಿ ನೆಲ ಕೆಟ್ಟಿದ್ದರೆ ಅದನ್ನು ಶುದ್ಧ ಮಾಡುವ ಖರ್ಚು ಕೊಂಡವನ ತಲೆಯ ಮೇಲೆ ಬೀಳಬಹುದು.

ನಮ್ಮಲ್ಲಿ ಸಮುದ್ರ ಇಲ್ಲ, ಮಳೆಯೇ ನಮ್ಮ ಸಮುದ್ರ. ಮಳೆ ಬಂದರೆ ಟ್ರ್ಯಾಕ್ಟರ್ ಓಡುತ್ತದೆ, ರಾಶಿ ಆಗುತ್ತದೆ, ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತವೆ, ಪಂಪಿನ ಮೀಟರೂ ತಿರುಗುತ್ತದೆ. 2016ರ ಏಪ್ರಿಲದಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದದ್ದನ್ನು ದೊಡ್ಡವರು ಈಗಲೂ ಹೇಳುತ್ತಾರೆ. ಅಂಥ ವರ್ಷದಲ್ಲಿ ಹೊಲ ಉಳಲು ಡೀಸೆಲ್ ಕೊಳ್ಳುವವರು ಯಾರು?

ಮಳೆಯ ಜೊತೆಗೆ ನಮ್ಮ ಭಾಗದ ಪಂಪಿಗೆ ಇನ್ನೊಂದು ಲೆಕ್ಕ ಇದೆ. ಅದೇ ಗಡಿಯ ಲೆಕ್ಕ. 1956ರವರೆಗೆ ನಿಲಂಗಾ, ಉದಗೀರ, ಅಹ್ಮದಪುರ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಆಗ ಇಲ್ಲಿ ಗಡಿಯೇ ಇರಲಿಲ್ಲ. ಈಗ ಔರಾದದಿಂದ ಸ್ವಲ್ಪ ಮುಂದೆ ಹೋದರೆ ಕರ್ನಾಟಕ. (ಬೀದರ ಜಿಲ್ಲೆಯಲ್ಲಿ ಇನ್ನೊಂದು ಔರಾದ ಇದೆ. ಬಸ್ಸು ಹತ್ತುವಾಗ ಯಾವ ಔರಾದ ಎಂದು ಕೇಳಿಯೇ ಹತ್ತಬೇಕು!) ಗಡಿಯ ಎರಡೂ ಕಡೆ ಮಾತು, ಊಟ, ಜಾತ್ರೆ ಒಂದೇ. ಪೆಟ್ರೋಲಿನ ಬೆಲೆ ಮಾತ್ರ ಬೇರೆ. 2017ರ ಜುಲೈದಿಂದ ಬಹಳ ವಸ್ತುಗಳಿಗೆ ದೇಶದ ತುಂಬ ಒಂದೇ ತರಹದ ಜಿ.ಎಸ್.ಟಿ. ತೆರಿಗೆ ಬಂದಿತು. ಪೆಟ್ರೋಲ್, ಡೀಸೆಲ್ ಅದರಲ್ಲಿ ಸೇರಲಿಲ್ಲ. ಅವುಗಳ ಮೇಲೆ ಪ್ರತಿ ರಾಜ್ಯವೂ ತನ್ನದೇ ತೆರಿಗೆ ಹಾಕುತ್ತದೆ.

ಈ ಅಂತರ ಎಷ್ಟು ದೊಡ್ಡದಾಗಬಹುದು ನೋಡಿ. 2021ರ ನವೆಂಬರದಲ್ಲಿ ಕೇಂದ್ರ ಸರಕಾರ ತನ್ನ ತೆರಿಗೆ ಇಳಿಸಿತು. ಅದರ ಜೊತೆಗೆ ಕರ್ನಾಟಕವೂ ಲೀಟರಿಗೆ 7 ರೂಪಾಯಿ ಇಳಿಸಿತು. ಮಹಾರಾಷ್ಟ್ರ ಆಗ ಇಳಿಸಲಿಲ್ಲ. ಆ ದಿನಗಳಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಮುಂಬಯಿಯಲ್ಲಿ 109 ರೂ. 98 ಪೈಸೆ, ಬೆಂಗಳೂರಿನಲ್ಲಿ 100 ರೂ. 58 ಪೈಸೆ. ಡೀಸೆಲಿಗೆ ಮುಂಬಯಿಯಲ್ಲಿ 94 ರೂ. 14 ಪೈಸೆ, ಬೆಂಗಳೂರಿನಲ್ಲಿ 85 ರೂ. 1 ಪೈಸೆ. 300 ಲೀಟರ್ ಡೀಸೆಲ್ ತುಂಬಿಸುವ ಲಾರಿಯವನಿಗೆ ಈ ಲೆಕ್ಕದಲ್ಲಿ 2739 ರೂಪಾಯಿ ಉಳಿಯುತ್ತದೆ. ಅವನು ಎಲ್ಲಿ ತುಂಬಿಸುತ್ತಾನೆ? ಹೇಳಬೇಕಾಗಿಲ್ಲ. ಉಮರ್ಗಾದ ಮೂಲಕ ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿಯವರು ಗಡಿ ಎಲ್ಲಿದೆ ಎಂಬುದನ್ನು ನಕಾಶೆ ನೋಡದೆ ಹೇಳುತ್ತಾರೆ.

ಮುಂದೆ 2022ರ ಜುಲೈದಲ್ಲಿ ಮಹಾರಾಷ್ಟ್ರವು ಪೆಟ್ರೋಲಿಗೆ 5, ಡೀಸೆಲಿಗೆ 3 ರೂಪಾಯಿ ಇಳಿಸಿತು. 2024ರ ಜೂನದಲ್ಲಿ ಕರ್ನಾಟಕ ತನ್ನ ತೆರಿಗೆ ಏರಿಸಿದ್ದರಿಂದ ಅಲ್ಲಿ ಎರಡೂ ಸುಮಾರು 3 ರೂಪಾಯಿ ಏರಿದವು. ಅಂತರ ಸಣ್ಣದಾಯಿತು. ಹೀಗೆ ಮುಂಬಯಿಯಲ್ಲಿ ಅಥವಾ ಬೆಂಗಳೂರಿನಲ್ಲಿ ಒಂದು ಕಾಗದಕ್ಕೆ ಸಹಿ ಬಿದ್ದರೆ ಗಡಿಯ ಪಂಪಿನ ಗಿರಾಕಿ ರಾತ್ರಿ ಬೆಳಗಾಗುವುದರಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೊರಳುತ್ತಾನೆ. ಡೀಲರನು ಎಷ್ಟೇ ಪ್ರಾಮಾಣಿಕನಾಗಿರಲಿ, ಎಷ್ಟೇ ನಗುಮುಖದವನಾಗಿರಲಿ, ಇದನ್ನು ತಡೆಯಲು ಅವನಿಂದ ಆಗದು. ಸರಕಾರಿ ಕಂಪನಿಯ ಪಂಪಿನಲ್ಲಿ ಬೆಲೆ ಕಟ್ಟುವವನು ಡೀಲರನಲ್ಲ. 2017ರ ಜೂನ್ 16ರಿಂದ ದೇಶದ ತುಂಬ ಬೆಲೆಯನ್ನು ಪ್ರತಿದಿನ ಪರಿಷ್ಕರಿಸುವ ಪದ್ಧತಿ ಬಂದಿತು. ಕಂಪನಿ ಹೇಳಿದ ಬೆಲೆಗೇ ಅವನು ಮಾರಬೇಕು.

ಆ ರಾತ್ರಿ ಹುಡುಗಿ ತನ್ನ ಗಣಿತದ ವಹಿಯ ಹಿಂದಿನ ಪುಟದಲ್ಲಿ ಲೆಕ್ಕಕ್ಕೆ ಕುಳಿತಳು. ನೀವೂ ಪೆನ್ಸಿಲು ತೆಗೆದುಕೊಳ್ಳಿ. ಲೀಟರಿಗೆ ಡೀಲರನಿಗೆ ಸಿಗುವ ಕಮಿಶನ್ ಕೆಲವೇ ರೂಪಾಯಿ. ಲೆಕ್ಕ ಸುಲಭವಾಗಲಿ ಎಂದು 3 ರೂಪಾಯಿ ಹಿಡಿಯೋಣ. ದಿನಕ್ಕೆ 1500 ಲೀಟರ್ ಮಾರಿದರೆ 4500 ರೂಪಾಯಿ, 30 ದಿನಗಳಿಗೆ 1,35,000 ರೂಪಾಯಿ. ಅಪ್ಪ, “ಒಂದು ಲಕ್ಷದ ಮೂವತ್ತೈದು ಸಾವಿರ!” ಎಂದು ಎದ್ದು ಕುಳಿತರು. “ತಡೀರಿ, ಇನ್ನ ಖರ್ಚು ತಗದಿಲ್ಲ” ಎಂದರು ಅವ್ವ. ನಾಲ್ವರು ಕೆಲಸಗಾರರ ಪಗಾರ ತಲೆಗೆ 12,000ದಂತೆ 48,000. ಬ್ಯಾಂಕಿನ ಬಡ್ಡಿ 40,000. ವಿದ್ಯುತ್ತು, ಕರೆಂಟು ಹೋದಾಗ ಜನರೇಟರ್ ಎಲ್ಲ ಸೇರಿ 15,000. ಆವಿಯಾಗಿ ಹೋದದ್ದು, ರಿಪೇರಿ, ಕಾಗದಪತ್ರ ಎಂದು 10,000. ಒಟ್ಟು ಖರ್ಚು 1,13,000. ಉಳಿದದ್ದು 22,000. ಈ ಅಂಕಿಗಳು ಊಹೆಯವು, ಪ್ರತಿ ಊರಿಗೆ ಬೇರೆ ಬೇರೆ ಆಗುತ್ತವೆ. ಆದರೆ ಲೆಕ್ಕದ ರೀತಿ ಇದೇ.

“ದಿನಕ್ಕ ಸಾವಿರ ಲೀಟರಷ್ಟೇ ಮಾರಿದ್ರ?” ಎಂದು ಅಜ್ಜ ಕೇಳಿದರು. ಹುಡುಗಿ ಮತ್ತೆ ಬರೆದಳು. ದಿನಕ್ಕೆ 3000, ತಿಂಗಳಿಗೆ 90,000. ಖರ್ಚು ಮಾತ್ರ ಅಷ್ಟೇ. ಪಗಾರ ಕೊಡಲೇಬೇಕು, ಬಡ್ಡಿ ಕಟ್ಟಲೇಬೇಕು. ತಿಂಗಳಿಗೆ 23,000 ಹಾನಿ! ಗಡಿಯ ಆ ಕಡೆ ಬೆಲೆ ಇಳಿದು ಮೂರರಲ್ಲಿ ಒಂದು ಪಾಲು ಗಿರಾಕಿಗಳು ಹೋದರೆ ಹೀಗಾಗುತ್ತದೆ. ಇನ್ನೊಂದು ಮಾತು. 12,000 ಲೀಟರಿನ ಒಂದು ಟ್ಯಾಂಕರ್ ಪೆಟ್ರೋಲ್ ತರಿಸಲು ಲೀಟರಿಗೆ ಸುಮಾರು 100 ರೂಪಾಯಿಯಂತೆ 12 ಲಕ್ಷ ರೂಪಾಯಿ ಕೈಯಲ್ಲಿರಬೇಕು. ಉದ್ರಿ ಗಿರಾಕಿಗಳು ಹೆಚ್ಚಾದರೆ ಮುಂದಿನ ಟ್ಯಾಂಕರಿಗೆ ರೊಕ್ಕ ಇರುವುದಿಲ್ಲ. ಟಾಕಿ ಬರಿದಾದ ಪಂಪಿನ ಮುಂದೆ ‘ಸ್ಟಾಕ್ ಇಲ್ಲ’ ಎಂಬ ಹಲಗೆ ತೂಗುವುದನ್ನು ನೀವು ನೋಡಿರಬಹುದು.

ಇಷ್ಟು ಕಡಿಮೆ ಲಾಭ ನೋಡಿ ಕೆಲವರು ಅಳತೆಯಲ್ಲಿ ಕೈ ಹಾಕುತ್ತಾರೆ. 2017ರಲ್ಲಿ ಉತ್ತರ ಪ್ರದೇಶದ ಲಖನೌದಲ್ಲಿ, ಆಮೇಲೆ ನಮ್ಮ ರಾಜ್ಯದಲ್ಲಿಯೂ ಯಂತ್ರದೊಳಗೆ ಕಳ್ಳ ಚಿಪ್ಪು ಕೂಡಿಸಿ ಕಡಿಮೆ ಪೆಟ್ರೋಲ್ ಹಾಕುತ್ತಿದ್ದ ಪಂಪುಗಳನ್ನು ಪೊಲೀಸರು ಹಿಡಿದರು. ಪ್ರತಿ ಪಂಪಿನಲ್ಲಿ ಸರಕಾರಿ ಮುದ್ರೆಯ 5 ಲೀಟರಿನ ಅಳತೆಪಾತ್ರೆ ಇರುತ್ತದೆ. ಸಂಶಯ ಬಂದರೆ ಯಾವ ಗಿರಾಕಿಯಾದರೂ ಅದರಲ್ಲಿ ಅಳೆದು ತೋರಿಸಿ ಎಂದು ಕೇಳಬಹುದು. 5 ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆ ಬಂದರೆ ಯಂತ್ರ ಸರಿಯಿಲ್ಲ ಎಂದರ್ಥ. ಒಂದು ಹನಿ ಪೆಟ್ರೋಲನ್ನು ಸೋಸುಕಾಗದದ ಮೇಲೆ ಹಾಕಿದರೆ ಅದು ಕಲೆ ಉಳಿಸದೆ ಆರಬೇಕು. ಕಲೆ ಉಳಿದರೆ ಕಲಬೆರಕೆಯ ಸಂಶಯ. ಈ ಎರಡನ್ನೂ ಕೇಳಲು ನಾಚಬೇಕಾಗಿಲ್ಲ. ಗಾಡಿಯ ಗಾಲಿಗೆ ಗಾಳಿ, ಕುಡಿಯಲು ನೀರು ಕೂಡ ಅಲ್ಲಿ ಪುಕ್ಕಟೆ.

ಮರುದಿನ ಆ ಪರಿಚಯದವರು ಮತ್ತೆ ಬಂದರು. ಜೊತೆಗೆ ಕರಾರಿನ ಕರಡು ಕಾಗದ ತಂದಿದ್ದರು. “ಇಲ್ಲಿ ಒಂದು ಸಹಿ ಮಾಡ್ರಿ, ಉಳಿದದ್ದು ನಾ ನೋಡ್ಕೊಂತೀನಿ” ಎಂದರು. ಅಜ್ಜ ಕನ್ನಡಕ ಹಾಕಿಕೊಂಡರು, ತೆಗೆದರು, ಕಾಗದವನ್ನು ಮೊಮ್ಮಗಳ ಕೈಗೆ ಕೊಟ್ಟರು. ಕಾಗದ ಮರಾಠಿಯಲ್ಲಿತ್ತು. ಹುಡುಗಿ ಶಾಲೆಯಲ್ಲಿ ಮರಾಠಿಯನ್ನೂ ಕಲಿಯುತ್ತಾಳೆ. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳತೊಡಗಿದಳು. ಬಾಡಿಗೆ ಏರುವ ಮಾತು ಅದರಲ್ಲಿ ಇರಲಿಲ್ಲ. ಅವಧಿ ಮುಗಿದ ಮೇಲೆ ನೆಲದೊಳಗಿನ ಟಾಕಿಯನ್ನು ತೆಗೆಯುವವರು ಯಾರು ಎಂಬುದೂ ಇರಲಿಲ್ಲ. ಹೊಲದ ಮೂಲೆಯಲ್ಲಿ ಅವರ ಬಾವಿ ಇದೆ, ಮೂರು ಮನೆಯವರು ಅದರ ನೀರು ಕುಡಿಯುತ್ತಾರೆ. ಟಾಕಿ ಸೋರಿದರೆ ಬಾವಿಯ ಗತಿ ಏನು ಎಂಬುದಂತೂ ಎಲ್ಲಿಯೂ ಇರಲಿಲ್ಲ.

ಅವ್ವ ವಹಿಯ ಹಾಳೆಯೊಂದನ್ನು ಹರಿದು ಈ ಪ್ರಶ್ನೆಗಳನ್ನೆಲ್ಲ ಬರೆದರು. “ಇದನ್ನ ನಿಲಂಗಾದ ವಕೀಲರಿಗೆ ತೋರಿಸಿ ಬರ್ತೀವ್ರಿ. ಕಾಗದ ನಮ್ಮ ಹತ್ರ ಇರ್ಲಿ” ಎಂದರು. ಬಂದವರಿಗೆ ಅದು ಹಿಡಿಸಲಿಲ್ಲ. “ಎರಡು ದಿನದಾಗ ಹೇಳ್ರಿ, ಇಲ್ಲಂದ್ರ ಬ್ಯಾರೆ ಹೊಲ ನೋಡ್ತಾರ” ಎಂದು ಎದ್ದರು.

“ನೋಡ್ಲಿ” ಎಂದರು ಅಜ್ಜ. “ಚಹ ಕುಡದು ಹೋಗ್ರಿ.”

ಸ್ವಾಧ್ಯಾಯ

ಶಬ್ದಾರ್ಥ: ಗುತ್ತಿಗೆ – ನಿಗದಿತ ಕಾಲಕ್ಕೆ ಬಾಡಿಗೆಗೆ ಕೊಡುವುದು, ಷರತ್ತು – ಕರಾರಿನ ನಿಯಮ, ಬೋಜಾ – ಹೊಲದ ಮೇಲಿನ ಸಾಲ, ಸಾಂದ್ರತೆ – ಒಂದು ಅಳತೆಯಲ್ಲಿರುವ ವಸ್ತುವಿನ ತೂಕ, ಉದ್ರಿ – ಆಮೇಲೆ ಹಣ ಕೊಡುವ ವ್ಯವಹಾರ, ಕರಡು – ಪಕ್ಕಾ ಆಗದ ಮೊದಲ ಬರಹ.

1. ಲಾವಣಿಗೂ ಪಂಪಿನ ಗುತ್ತಿಗೆಗೂ ಅಜ್ಜ ಹೇಳಿದ ವ್ಯತ್ಯಾಸ ಯಾವುದು?
2. ಬಿಸಿಲಿನಲ್ಲಿ ಬಂದ ಟ್ಯಾಂಕರಿನ ಪೆಟ್ರೋಲು ಟಾಕಿಗೆ ಇಳಿದ ಮೇಲೆ ಕಡಿಮೆ ಕಾಣುವುದೇಕೆ?
3. ಮಲ್ಪೆಯ ಬಂದರದಲ್ಲಿ ಡೀಸೆಲ್ ಮಾರುವವನಿಗೂ ಔರಾದದ ಡೀಲರನಿಗೂ ಇರುವ ಚಿಂತೆಗಳನ್ನು ಹೋಲಿಸಿ ಬರೆಯಿರಿ.
4. ದಿನಕ್ಕೆ 1200 ಲೀಟರ್ ಮಾರಿದರೆ ಹುಡುಗಿಯ ಲೆಕ್ಕದಂತೆ ತಿಂಗಳಿಗೆ ಲಾಭವೋ ಹಾನಿಯೋ? ಎಷ್ಟು?

ಉಪಕ್ರಮ: ನಿಮ್ಮ ಮನೆಯಲ್ಲಿರುವ ಸಾತ್-ಬಾರಾ ಉತಾರೆಯನ್ನು ದೊಡ್ಡವರ ಜೊತೆ ಕುಳಿತು ಓದಿರಿ. ಅದರಲ್ಲಿ ಯಾರ ಯಾರ ಹೆಸರುಗಳಿವೆ ಎಂದು ನೋಡಿರಿ.